ಮೋಟಾರು ಸುಡದ ತಿಂಗಳುಗಳು

ಒಂದು ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. 2024ರ ಜುಲೈ ಕೊನೆಯಲ್ಲಿ ಕೇಳಿದ ಮಾತು ಅದು. ದಾವಣಗೆರೆ ಹದಡಿ ರಸ್ತೆಯ ನಮ್ಮ ರಿವೈಂಡಿಂಗ್ ಅಂಗಡಿ ಎದುರು ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಎರಡೇ ತಿಂಗಳ ಹಿಂದೆ ಸುಟ್ಟ ಮೋಟಾರುಗಳು ಬಾಗಿಲ ತನಕ ಸಾಲಾಗಿ ಮಲಗಿದ್ದ ಜಾಗದಲ್ಲಿ ಈಗ ಹುಡುಗರ ಬೈಕು ನಿಂತಿದ್ದವು. ಬೆಂಚಿನ ಮೇಲೆ ಇದ್ದದ್ದು ಒಂದು ಮಿಕ್ಸಿ, ಒಂದು ಟೇಬಲ್ ಫ್ಯಾನು. ಅಷ್ಟೇ. ಆಗ ಮಾಯಕೊಂಡ ಕಡೆಯ ಒಬ್ಬ ಯಜಮಾನರು ಕೊಡೆ ಮಡಚಿ ಒಳಗೆ ಬಂದರು. ಏಪ್ರಿಲ್‌ನಲ್ಲಿ ಅವರ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ನಾವೇ ಕಟ್ಟಿ ಕೊಟ್ಟಿದ್ದೆವು. ಕೈಯಲ್ಲಿ ನಾನು ಹಂಚಿಸಿದ್ದ ಕರಪತ್ರ. ಅದನ್ನ ಬೆಂಚಿನ ಮೇಲಿಟ್ಟು, ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದರು: "ಬ್ಯಾಸಿಗ್ಯಾಗ ನನ್ನ ಹತ್ರ ಪೂರ್ತಿ ರೊಕ್ಕ ತಗಂಡಿ. ಈಗ ಇಪ್ಪತ್ತು ಪರ್ಸೆಂಟ್ ಕಮ್ಮಿ ಅಂತ ಹಾಕೀಯ. ಹಂಗಾರೆ ಅವತ್ತು ಅಷ್ಟು ಜಾಸ್ತಿ ತಗಂಡಿದ್ದೇನಪ್ಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀ ತರಿಸಿದೆ. ಕುಡಿದು, ಮಳೆ ಬೆಳೆ ಮಾತಾಡಿ ಹೋದರು. ಅವರು ಜಗಳಕ್ಕೆ ಬಂದವರಲ್ಲ. ಪೇಟೆ ಕೆಲಸಕ್ಕೆ ಬಂದವರು, ದಾರಿಯಲ್ಲಿ ಅಂಗಡಿ ಇದೆ ಅಂತ ಬಂದರು. ಅದಕ್ಕೇ ಆ ಮಾತು ಹೆಚ್ಚು ಚುಚ್ಚಿತು. ಜಗಳ ಆಡಿದ್ದರೆ ಮರೆಯಬಹುದಿತ್ತು.

ನಮ್ಮ ಕಸುಬಿನ ಲೆಕ್ಕ ಸ್ವಲ್ಪ ವಿಚಿತ್ರ. ಊರಿಗೆ ಕಷ್ಟ ಬಂದಾಗ ನಮಗೆ ಕೆಲಸ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 223 ತಾಲ್ಲೂಕುಗಳನ್ನ ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಅದರ ಮುಂದಿನ ಬೇಸಿಗೆ ನಮ್ಮ ಅಂಗಡಿ ರಾತ್ರಿ ಹನ್ನೆರಡಕ್ಕೂ ಮುಚ್ಚಲಿಲ್ಲ. ಬೋರ್‌ನಲ್ಲಿ ನೀರು ಕೆಳಗೆ ಹೋಗಿತ್ತು. ಮೋಟಾರಿಗೆ ಬೇಕಾದ ಮೂರು ಫೇಸ್ (ಮೂರು ತಂತಿಯ) ಕರೆಂಟು ಕೊಡೋದೇ ಕೆಲವು ತಾಸು. ಬಂದ ಕೂಡಲೇ ಹೊಲಹೊಲದ ಆಟೋ ಸ್ವಿಚ್ಚುಗಳು ಒಟ್ಟಿಗೆ ಮೋಟಾರು ಎಬ್ಬಿಸುತ್ತವೆ. ವೋಲ್ಟೇಜ್ ಬೀಳುತ್ತದೆ. ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ, ಒಂದು ಫ್ಯೂಸ್ ಹೋಗುತ್ತದೆ. ಉಳಿದ ಎರಡೇ ಫೇಸಿನ ಮೇಲೆ ಮೋಟಾರು ಗೊರಗೊರ ಅನ್ನುತ್ತಾ ಕರೆಂಟು ಎಳೆದು ಎಳೆದು ವೈಂಡಿಂಗು ಕರಗಿಸಿಕೊಳ್ಳುತ್ತದೆ. ಬೆಳಿಗ್ಗೆ ರೈತರು ಬಂದು ಅಂಗಡಿ ಕಟ್ಟೆ ಮೇಲೆ ಕೂತರೆ, ಮೋಟಾರು ಆಗುವ ತನಕ ಎದ್ದು ಹೋಗುತ್ತಿರಲಿಲ್ಲ. ಅಡಿಕೆ ಗಿಡ ಒಣಗುವಾಗ ಹೋಗೋದಾದರೂ ಎಲ್ಲಿಗೆ? ಕೆಲವರು ಅಲ್ಲೇ ಟವಲ್ ಹಾಸಿ ಮಲಗಿದ್ದರು.

ಆಮೇಲೆ ಮಳೆ ಬಂತು. ಚೆನ್ನಾಗಿಯೇ ಬಂತು. ಭದ್ರಾ ಡ್ಯಾಮಿನ ಮಟ್ಟ ಎಷ್ಟಾಯಿತು ಅಂತ ದಾವಣಗೆರೆಯಲ್ಲಿ ಎಲ್ಲರೂ ದಿನಾ ಕೇಳುತ್ತಾರೆ, ಬೆಣ್ಣೆ ದೋಸೆ ಹೋಟ್ಲಲ್ಲಿ ಕೂತರೂ ಅದೇ ಮಾತು. ತುಂಬಿದರೆ 186 ಅಡಿ. ನಾಲೆಗೆ ನೀರು ಬಂದರೆ ಕೊನೆ ಭಾಗದ ನಮ್ಮ ಗದ್ದೆಗಳಿಗೂ ತಲುಪಬಹುದು ಅನ್ನುವ ಆಸೆ. ನನಗೂ ಆ ಖುಷಿ ಇದೆ, ನಾನೂ ಇದೇ ಊರಿನವನು. ಆದರೆ ಮೂರು ಜನ ಹುಡುಗರ ಸಂಬಳ, ಅಂಗಡಿ ಬಾಡಿಗೆ, ಬೇಸಿಗೆಯಲ್ಲಿ ಸಾಲ ತಂದ ತಾಮ್ರದ ತಂತಿಯ ಬಾಕಿ ಇವು ಮಳೆ ಬಂತು ಅಂತ ನಿಲ್ಲೋದಿಲ್ಲ, ಅಲ್ವಾ? ಜೂನ್‌ನಿಂದ ಡಿಸೆಂಬರ್ ತನಕ ಏನು ಮಾಡಬೇಕು ಅನ್ನೋದು ನನಗೆ ಪ್ರತಿ ವರ್ಷದ ಪ್ರಶ್ನೆ.

ಎರಡು ಸಾವಿರ ಕರಪತ್ರ

ಆ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಎರಡು ಸಾವಿರ ಕರಪತ್ರ ಹೊಡೆಸಿ ಪೇಪರಿನ ಒಳಗೆ ಹಾಕಿಸಿದೆ. "ರಿವೈಂಡಿಂಗ್ ಮೇಲೆ ಶೇ. 20 ರಿಯಾಯಿತಿ" ಅಂತ ಕೆಂಪು ಅಕ್ಷರದಲ್ಲಿ. ಒಬ್ಬರು ಬಂದು, ಫೋನಿನಲ್ಲಿ ಯಾರು ಹುಡುಕಿದರೂ ನಿಮ್ಮ ಅಂಗಡಿಯೇ ಮೊದಲು ಬರುವ ಹಾಗೆ ಮಾಡಿಸುತ್ತೇವೆ ಅಂದರು. ಅವರಿಗೂ ಆರು ಸಾವಿರ ಕೊಟ್ಟೆ. ಕರಪತ್ರ ನೋಡಿ ಬಂದ ಫೋನು ಒಂಬತ್ತು. ಅದರಲ್ಲಿ ಐದು ಹಳೇ ಮೋಟಾರು ಮಾರಾಟಕ್ಕಿದೆಯಾ ಅಂತ ಕೇಳಿದವು. ಆರು ಸಾವಿರ ತಗೊಂಡವರು ಎರಡು ತಿಂಗಳಾದ ಮೇಲೆ ನನ್ನ ಫೋನನ್ನೇ ಎತ್ತಲಿಲ್ಲ. ಕೊನೆಗೆ ನಾನೇ ಕೂತು ಗೂಗಲ್ ಮ್ಯಾಪಿನಲ್ಲಿ ಅಂಗಡಿ ಜಾಗ, ಟೈಮು, ನಾಲ್ಕು ಫೋಟೋ ಹಾಕಿದೆ. ಅದಕ್ಕೆ ದುಡ್ಡೇ ಬೇಕಾಗಿರಲಿಲ್ಲ. ಸಿಟಿಯ ಸಂಪ್ ಮೋಟಾರಿನ ಕೆಲಸ, ಸೆಲ್ಲರ್‌ಗೆ ಮಳೆನೀರು ನುಗ್ಗಿದವರ ಪಂಪಿನ ಕೆಲಸ ಈಗಲೂ ಅದರಿಂದ ಬರುತ್ತದೆ. ಅಷ್ಟು ಮಾತ್ರ ಉಪಯೋಗ ಆಯಿತು.

ರಿಯಾಯಿತಿ ಯಾಕೆ ಕೆಲಸ ಮಾಡಲಿಲ್ಲ ಅಂತ ಯೋಚಿಸಿದಾಗ ಮೊದಲು ಹೊಳೆದದ್ದು ತೀರಾ ಸುಲಭದ ವಿಷಯ. ಸುಡದ ಮೋಟಾರನ್ನ ಯಾರೂ ಕಟ್ಟಿಸುವುದಿಲ್ಲ. ಸೀರೆಗೆ ರಿಯಾಯಿತಿ ಕೊಟ್ಟರೆ ಬೇಡದವರೂ ಒಂದು ತಗೊಂಡಾರು. ವೈಂಡಿಂಗ್ ಹಾಗಲ್ಲ. ಬೆಲೆ ಅರ್ಧ ಮಾಡಿದರೂ ಕೆಲಸ ಹುಟ್ಟುವುದಿಲ್ಲ. ಇನ್ನೊಂದು ವಿಷಯ ಹೊಳೆಯೋಕೆ ತಡ ಆಯಿತು. ಜುಲೈ ಅಂದರೆ ರೈತನ ಕೈ ಪೂರ್ತಿ ಖಾಲಿ ಇರುವ ಹೊತ್ತು. ಮೆಕ್ಕೆಜೋಳದ ಬೀಜಕ್ಕೆ, ಗೊಬ್ಬರಕ್ಕೆ, ಕೂಲಿಗೆ ಇದ್ದದ್ದೆಲ್ಲ ಸುರಿದಿರುತ್ತಾನೆ. ದುಡ್ಡು ಕಾಣೋದು ಜೋಳ ಮುರಿದು ಮಾರಿದ ಮೇಲೆ, ನವೆಂಬರ್ ಆಸುಪಾಸು. ನನಗೆ ಕೆಲಸ ಇಲ್ಲ ಅನ್ನುವ ಗಾಬರಿಯಲ್ಲಿ, ಅವನ ಕೈಯಲ್ಲಿ ದುಡ್ಡೂ ಇಲ್ಲದ, ಪುರುಸೊತ್ತೂ ಇಲ್ಲದ ತಿಂಗಳಲ್ಲಿ ನಾನು ಹೋಗಿ ಬಾಗಿಲು ಬಡಿದಿದ್ದೆ. ಆ ಕರಪತ್ರದಲ್ಲಿ ಇದ್ದದ್ದು ನನ್ನ ಅವಸರ. ಅವನಿಗೆ ಬೇಕಾದ್ದು ಅದರಲ್ಲಿ ಏನೂ ಇರಲಿಲ್ಲ.

ಆದರೆ ಯಜಮಾನರ ಮಾತು ಇದಕ್ಕಿಂತ ಆಳಕ್ಕೆ ಹೋಗುತ್ತದೆ. ರಿಪೇರಿ ಕೆಲಸದಲ್ಲಿ ಗಿರಾಕಿಗೆ ಒಳಗಿನದ್ದು ಕಾಣುವುದಿಲ್ಲ. ಎಷ್ಟು ತಂತಿ ಹಾಕಿದೆ, ಯಾವ ಗೇಜು, ಅಂದರೆ ಎಷ್ಟು ದಪ್ಪದ್ದು, ಹಾಕಿದೆ, ಬುಷ್ ಬದಲಾಯಿಸಿದೆನಾ ಇಲ್ಲವಾ ಅನ್ನೋದೆಲ್ಲ ಮೋಟಾರಿನ ಹೊಟ್ಟೆಯೊಳಗೆ. ಅವನು ನಂಬಿ ದುಡ್ಡು ಕೊಡುತ್ತಾನೆ. ಹೇಳಿದ ರೇಟು ನ್ಯಾಯದ್ದು ಅನ್ನುವ ನಂಬಿಕೆ. ಮಳೆಗಾಲಕ್ಕೆ ಅದೇ ಕೆಲಸಕ್ಕೆ ಇಪ್ಪತ್ತು ಕಡಿಮೆ ಅಂತ ನಾನೇ ಊರಿಗೆಲ್ಲ ಸಾರಿದರೆ, ಬೇಸಿಗೆಯಲ್ಲಿ ಕಟ್ಟೆ ಮೇಲೆ ಟವಲ್ ಹಾಸಿ ಮಲಗಿದ್ದವರಿಗೆ ನಾನು ಏನು ಹೇಳಿದ ಹಾಗಾಯಿತು? ನಿಮ್ಮ ಕಷ್ಟ ನೋಡಿ ಜಾಸ್ತಿ ತಗೊಂಡೆ ಅಂತಲೇ ಅಲ್ವಾ? ನಿಜವಾಗಿ ನಾನು ಜಾಸ್ತಿ ತಗೊಂಡಿರಲಿಲ್ಲ. ಆದರೆ ಆ ಕೆಂಪು ಅಕ್ಷರ ಹಾಗೆ ಹೇಳಿತು. ಅವತ್ತಿನಿಂದ ಅಂಗಡಿಯಲ್ಲಿ ರೇಟು ವರ್ಷಪೂರ್ತಿ ಒಂದೇ. ತಾಮ್ರದ ಬೆಲೆ ಏರಿ ಇಳಿದರೆ ಮಾತ್ರ ಬದಲಾಗುತ್ತದೆ, ಅದನ್ನೂ ಗೋಡೆ ಮೇಲೆ ಬರೆದು ಹಾಕಿದ್ದೇವೆ.

ಅಪ್ಪಾಜಿಯ ಡೇಟಾ ಬುಕ್

ರೇಟು ಇಳಿಸೋ ಹಾಗಿಲ್ಲ ಅಂದಮೇಲೆ ಕೊಡೋಕೆ ನನ್ನ ಹತ್ತಿರ ಇನ್ನೇನಿದೆ? ಆ ಆಗಸ್ಟ್ ತಿಂಗಳಲ್ಲಿ ಸುಮ್ನೆ ಕೂತು ಬೇಜಾರಾಗಿ ಅಪ್ಪಾಜಿಯ ಹಳೇ ಪುಸ್ತಕಗಳ ಧೂಳು ಹೊಡೆದೆ. ಉದ್ದನೆಯ ಲೆಡ್ಜರ್ ಪುಸ್ತಕಗಳು, ವಾರ್ನಿಶ್ ವಾಸನೆ, ಅಂಚಿನಲ್ಲಿ ಬೆರಳಿನ ಕಪ್ಪು. ಯಾವುದೇ ಮೋಟಾರು ಬಿಚ್ಚಿದರೂ ಹಳೇ ವೈಂಡಿಂಗ್ ಕತ್ತರಿಸುವ ಮುಂಚೆ ಅದರ ಲೆಕ್ಕ ಬರೆದಿಟ್ಟುಕೊಳ್ಳಬೇಕು. ತಂತಿ ಕೂರುವ ಸ್ಲಾಟ್ ಎಷ್ಟು, ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು. ಇದನ್ನೇ ನಾವು ಡೇಟಾ ಅನ್ನೋದು. ಎಲ್ಲಾ ರಿವೈಂಡಿಂಗ್ ಅಂಗಡಿಯಲ್ಲೂ ಇಂಥ ಪುಸ್ತಕ ಇರುತ್ತದೆ. ಅಪ್ಪಾಜಿ ಮಾತ್ರ ಅದರ ಪಕ್ಕದಲ್ಲಿ ಇನ್ನೂ ಏನೇನೋ ಬರೆಯುತ್ತಿದ್ದರು. "5 ಎಚ್‌ಪಿ, 24 ಸ್ಲಾಟ್" ಅಂತ ಇದ್ದರೆ, ಅದರ ಮುಂದೆ ಊರು, ಬೋರಿನ ಆಳ, ಎಷ್ಟು ಪೈಪು, ಯಾವ ಫೇಸ್ ಸುಟ್ಟಿತ್ತು, ಯಾಕೆ. "ಕೇಬಲ್ ಜಾಯಿಂಟ್ ನೀರು ಕುಡಿದಿದೆ." "ಸ್ಟಾರ್ಟರ್ ಕಾಂಟ್ಯಾಕ್ಟ್ ತಿಂದಿದೆ, ಹೇಳಿದ್ದೇನೆ, ಮಾಡಿಸಿಲ್ಲ." "ಮಣ್ಣು ಎಳೆಯುತ್ತದೆ, ಎರಡು ಪೈಪು ಮೇಲೆ ಕಟ್ಟಲು ಹೇಳಿದೆ."

ಒಂದೇ ಊರಿನ ಒಂದೇ ಮೋಟಾರು ನಾಲ್ಕು ವರ್ಷದಲ್ಲಿ ಮೂರು ಸಲ ಪುಸ್ತಕದಲ್ಲಿ ಕಂಡಿತು. ಮೂರೂ ಸಲ ಸುಟ್ಟದ್ದು ಅದೇ ಫೇಸ್. ನಾವು ಮೂರು ಸಲ ಚೆನ್ನಾಗಿ ಕಟ್ಟಿ ಕೊಟ್ಟಿದ್ದೆವು, ಮೂರು ಸಲ ದುಡ್ಡು ತಗೊಂಡಿದ್ದೆವು. ತಪ್ಪು ಇದ್ದದ್ದು ಮೋಟಾರಿನಲ್ಲಲ್ಲ, ಅದನ್ನ ಆನ್ ಮಾಡುವ ಹೊಲದ ಸ್ಟಾರ್ಟರ್ ಡಬ್ಬಿಯಲ್ಲಿ. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ನೋಡುವಷ್ಟು ಹೊತ್ತು ನಮಗೆ ಯಾವತ್ತೂ ಸಿಗಲಿಲ್ಲ. ಈಗ ನನ್ನ ಹತ್ತಿರ ಹೊತ್ತು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಏಪ್ರಿಲ್‌ನಲ್ಲಿ ಎಷ್ಟು ಕೇಳಿದರೂ ಕೊಡಲಾಗದ್ದು ಸೆಪ್ಟೆಂಬರ್‌ನಲ್ಲಿ ಬೇಕಾದಷ್ಟಿತ್ತು. ಅದನ್ನೇ ಕೊಡೋಣ ಅಂತ ನಿರ್ಧಾರ ಮಾಡಿದೆ.

ಪುಸ್ತಕದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಕಂಡ ಹೆಸರುಗಳನ್ನ ಬೇರೆ ಬರೆದುಕೊಂಡೆ. ನಲವತ್ತು ಚಿಲ್ಲರೆ ಆಯಿತು. ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ಅಣ್ಣ, ಮೋಟಾರು ಹೆಂಗಿದೆ? ಈ ಕಡೆ ಬರೋದಿದೆ, ಸ್ಟಾರ್ಟರ್ ಒಂದ್ಸಲ ನೋಡಿ ಹೋಗ್ತೀನಿ. ದುಡ್ಡೇನೂ ಬೇಡ" ಅಂತ. ಅರ್ಧಕ್ಕರ್ಧ ಜನ ಅನುಮಾನದಿಂದಲೇ ಮಾತಾಡಿದರು. ತಪ್ಪಲ್ಲ. ಕರೆಯದೆ ಬರುವ ಮೆಕ್ಯಾನಿಕ್ ಏನೋ ಮಾರೋಕೆ ಬರುತ್ತಾನೆ ಅಂತ ನನಗೂ ಅನಿಸುತ್ತಿತ್ತು.

ಜಗಳೂರು ಕಡೆಯ ಒಂದು ಬೆಳಿಗ್ಗೆ

ಮೊದಲು ಹೋದದ್ದು ಆ ಮೂರು ಸಲ ಸುಟ್ಟ ಮೋಟಾರಿನ ಹೊಲಕ್ಕೆ. ಜಗಳೂರು ತಾಲ್ಲೂಕು ಅಂದರೆ ಮಳೆ ಕಡಿಮೆ, ಬೋರು ಆಳ. ಇವರದ್ದು ಆರುನೂರು ಅಡಿ. ಇಪ್ಪತ್ತು ಅಡಿಯ ಪೈಪು ಮೂವತ್ತರ ಹತ್ತಿರ ಇಳಿದಿವೆ. ಒಂದು ಸಲ ಮೋಟಾರು ಸುಟ್ಟರೆ ಎತ್ತುವ ಖರ್ಚು, ಕಟ್ಟುವ ಖರ್ಚು, ಮತ್ತೆ ಇಳಿಸುವ ಖರ್ಚು ಎಲ್ಲ ಸೇರಿ ಹತ್ತು ಸಾವಿರ ದಾಟುತ್ತದೆ. ಅಷ್ಟು ದಿನ ನೀರಿಲ್ಲದ ಗಿಡದ ಲೆಕ್ಕ ಬೇರೆ. ನಾನು ಹೋದಾಗ ಮೆಕ್ಕೆಜೋಳ ತಲೆಮಟ್ಟ ನಿಂತಿತ್ತು. ಪಕ್ಕದಲ್ಲಿ ಮೂರು ವರ್ಷದ ಅಡಿಕೆ. ಮನೆಯ ಅಜ್ಜ ಬದುವಿನ ಮೇಲೆ ಕೂತಿದ್ದರು. ಅವರ ಮೊಮ್ಮಗ, ಪಿಯುಸಿ ಓದುವ ಹುಡುಗ, ನನ್ನ ಜೊತೆ ಸ್ಟಾರ್ಟರ್ ಹತ್ತಿರ ಬಂದ.

ಮೇನ್ ಆಫ್ ಮಾಡಿ ಡಬ್ಬಿ ತೆಗೆದೆ. ಒಳಗೆ ಇರುವೆ ಗೂಡು, ಕರೆಂಟು ಸೇರಿಸುವ ಲೋಹದ ಬಿಲ್ಲೆಗಳ, ಅಂದರೆ ಕಾಂಟ್ಯಾಕ್ಟಿನ, ನಡುವೆ ಒಣಗಿ ಕಡ್ಡಿಯಾದ ಹಲ್ಲಿ. ನಡುವಿನ ಕಾಂಟ್ಯಾಕ್ಟ್ ಕರಿಹಿಡಿದು ಗುಳಿ ಬಿದ್ದಿತ್ತು. ಹುಡುಗನಿಗೆ ಬೆರಳಿನಿಂದ ಮುಟ್ಟಿ ನೋಡು ಅಂದೆ. ಎರಡು ನುಣುಪು, ಒಂದು ಗರಗಸದ ಹಾಗೆ. ಕರೆಂಟು ಎಲ್ಲಾದರೂ ಸೋರುತ್ತದಾ ಅಂತ ತೋರಿಸುವ ಮೆಗ್ಗರ್ ಹಾಕಿ ನೋಡಿದೆ, ಕೆಳಗೆ ಮೋಟಾರು ಕೇಬಲ್ಲು ಎರಡೂ ಚೆನ್ನಾಗಿದ್ದವು. ಕರೆಂಟು ಬರುವ ತನಕ ಕಾದು ಮೋಟಾರು ಎಬ್ಬಿಸಿ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿದರೆ ಎರಡು ಫೇಸಿನಲ್ಲಿ ಹತ್ತು ಆಂಪ್ಸಿನ ಮೇಲೆ, ಒಂದರಲ್ಲಿ ಎಂಟೂ ಇಲ್ಲ. ಹಾಳಾದ ಕಾಂಟ್ಯಾಕ್ಟ್ ಒಂದು ಫೇಸಿನ ವೋಲ್ಟೇಜನ್ನ ಸ್ವಲ್ಪವೇ ತಿನ್ನುತ್ತದೆ. ಆ ಸ್ವಲ್ಪಕ್ಕೆ ಆಂಪ್ಸಿನಲ್ಲಿ ಬರುವ ವ್ಯತ್ಯಾಸ ಅದರ ಹಲವು ಪಟ್ಟು. ಜಾಸ್ತಿ ಹೊರುವ ಫೇಸ್ ದಿನದಿನಕ್ಕೆ ಬಿಸಿಯಾಗಿ ಬೇಸಿಗೆಯಲ್ಲಿ ಸುಡುತ್ತದೆ. ಹೊಸ ಕಾಂಟ್ಯಾಕ್ಟ್ ಕಿಟ್ ಹಾಕಿದೆ. ಕೆಲವೇ ನೂರು ರೂಪಾಯಿ. ಮತ್ತೆ ಓಡಿಸಿದಾಗ ಮೂರೂ ಒಂಬತ್ತರ ಸುತ್ತ ಬಂದು ನಿಂತವು. ಆ ಮೂರು ಅಂಕಿ ನೋಡಿದಾಗ ನನಗೆ ಆದ ಸಮಾಧಾನ ಹೇಳೋಕೆ ಬರೋದಿಲ್ಲ. ನಾಲ್ಕು ವರ್ಷದಿಂದ ನಮ್ಮ ಅಂಗಡಿ ಮೇಲೆ ಇದ್ದ ಸಾಲ ತೀರಿದ ಹಾಗೆ.

ಜೇಬಿನಲ್ಲಿ ಮಾರ್ಕರ್ ಪೆನ್ನಿತ್ತು. ಡಬ್ಬಿಯ ಬಾಗಿಲ ಒಳಮೈ ಒರೆಸಿ ತಾರೀಕು, ಮೂರು ಫೇಸಿನ ಆಂಪ್ಸು, ವೋಲ್ಟೇಜು ಬರೆದೆ. ಕೆಳಗೆ ನನ್ನ ಫೋನ್ ನಂಬರು. "ಇದರಲ್ಲಿ ಯಾವುದಾದ್ರೂ ಒಂದು ಏರಿತು ಅಂದ್ರೆ ಫೋನ್ ಮಾಡು" ಅಂತ ಹುಡುಗನಿಗೆ ಹೇಳಿದೆ. ಅಜ್ಜ ಕಿಟ್ಟಿನ ದುಡ್ಡು ಕೊಟ್ಟು, ಕೆಲಸದ ದುಡ್ಡು ಎಷ್ಟು ಅಂತ ಎರಡು ಸಲ ಕೇಳಿದರು. ಬೇಡ ಅಂದೆ. "ಹಂಗಾರೆ ಉಂಡು ಹೋಗು" ಅಂದರು. ರೊಟ್ಟಿ, ಹಸಿ ಶೇಂಗಾ ಚಟ್ನಿ, ಎಮ್ಮೆ ಮೊಸರು. ಊಟ ಮಾಡುವಾಗ ಪಕ್ಕದ ಹೊಲದ ಇಬ್ಬರು ಬಂದು ನಮ್ಮದೂ ನೋಡಿ ಹೋಗ್ರಿ ಅಂದರು. ಕರಪತ್ರದಿಂದ ಬಂದಿದ್ದ ಕೆಲಸಕ್ಕಿಂತ ಜಾಸ್ತಿ ಕೆಲಸ ಆ ಒಂದು ಮಧ್ಯಾಹ್ನ ಸಿಕ್ಕಿತು. ಒಂದು ಮಾನೋಬ್ಲಾಕ್ ಪಂಪಿನ ಬೇರಿಂಗು, ಇನ್ನೊಂದು ಸ್ಟಾರ್ಟರು. ಸಣ್ಣವೇ. ಆದರೆ ಸೆಪ್ಟೆಂಬರ್ ಸಂಬಳಕ್ಕೆ ಇಂಥ ಸಣ್ಣವೇ ಬೇಕು.

ಹುಡುಗರ ಪ್ರಶ್ನೆ

ಅಂಗಡಿಯ ಹಿರಿಯ ಹುಡುಗ ಒಂದು ದಿನ ಕೇಳಿದ: "ಅಣ್ಣ, ಸುಡದಂಗೆ ನಾವೇ ನೋಡ್ಕೊಂಡ್ರೆ ಬ್ಯಾಸಿಗ್ಯಾಗ ನಮಗೆ ಕೆಲಸ ಎಲ್ಲಿಂದ ಬರ್ತತಿ?" ಒಳ್ಳೆಯ ಪ್ರಶ್ನೆ. ನಾನೂ ರಾತ್ರಿ ಮಲಗಿ ಇದನ್ನೇ ಯೋಚಿಸಿದ್ದೆ. ನನ್ನ ಲೆಕ್ಕ ಇಷ್ಟು. ಬೇಸಿಗೆಯಲ್ಲಿ ನಮ್ಮ ಕೈಗೆ ಮೀರಿ ಬರುತ್ತದೆ. ಎಷ್ಟೋ ಜನರನ್ನ ಮುಂದಿನ ವಾರ ಬನ್ನಿ ಅಂತ ಕಳಿಸುತ್ತೇವೆ, ಅವರು ಬೇರೆ ಅಂಗಡಿಗೆ ಹೋಗುತ್ತಾರೆ. ಆತುರದಲ್ಲಿ ಕಟ್ಟಿದ್ದು ಕೆಲವು ಸಲ ವಾಪಸ್ಸೂ ಬರುತ್ತದೆ. ಏಪ್ರಿಲ್‌ನ ಹತ್ತು ಮೋಟಾರಿನಲ್ಲಿ ಎರಡು ಕಡಿಮೆಯಾಗಿ, ಅದರ ಬದಲು ಅಕ್ಟೋಬರ್‌ನಲ್ಲಿ ಹತ್ತು ಸ್ಟಾರ್ಟರ್ ಕೆಲಸ ಬಂದರೆ ಅಂಗಡಿಗೆ ನಷ್ಟ ಇಲ್ಲ. ಇವನಿಗೂ ರಾತ್ರಿ ನಿದ್ದೆ ಸಿಗುತ್ತದೆ. ಅವನು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಎರಡು ಬೇಸಿಗೆ ನೋಡೋಣ ಅಂದೆ.

ಇನ್ನೊಂದು ಮುಖ್ಯವಾದ ಮಾತು ಬಿಟ್ಟೆ. ಸುಟ್ಟ ಮೋಟಾರು ಯಾವ ಅಂಗಡಿಗೆ ಹೋಗಬೇಕು ಅನ್ನೋದನ್ನ ಎಷ್ಟೋ ಸಲ ರೈತ ತೀರ್ಮಾನ ಮಾಡುವುದೇ ಇಲ್ಲ. ಪೈಪು ಎತ್ತುವ ಹುಡುಗರು ಮಾಡುತ್ತಾರೆ. ಮೋಟಾರು ಮೇಲೆ ಬಂದಾಗ ಅಲ್ಲಿ ಇರುವವರು ಅವರು, ಗಾಡಿ ಅವರದ್ದು. ಒಂದು ಮೋಟಾರಿಗೆ ಇಷ್ಟು ಅಂತ ಕಮಿಷನ್ ಕೊಟ್ಟು ಅವರನ್ನ ಹಿಡಿದಿಟ್ಟುಕೊಳ್ಳುವುದು ನಮ್ಮ ಲೈನಿನಲ್ಲಿ ರೂಢಿ. ಆ ದುಡ್ಡು ಕೊನೆಗೆ ರೈತನ ಬಿಲ್ಲಿಗೇ ಸೇರುತ್ತದೆ, ನನಗೆ ಅದು ಇಷ್ಟ ಇಲ್ಲ. ಮಳೆಗಾಲದಲ್ಲಿ ಅವರಿಗೂ ಕೆಲಸ ಇರುವುದಿಲ್ಲ. ಹೋದ ವರ್ಷ ಆಗಸ್ಟ್‌ನಲ್ಲಿ ನಾಲ್ಕು ತಂಡದವರನ್ನ ಅಂಗಡಿಗೆ ಕರೆದೆ. ಮಂಡಕ್ಕಿ, ಮಿರ್ಚಿ, ಟೀ. ಕೇಬಲ್ ಜಾಯಿಂಟ್ ಮಾಡುವುದನ್ನ ಒಟ್ಟಿಗೆ ಕೂತು ಮಾಡಿದೆವು. ತಂತಿ ಉಜ್ಜಿ, ಬಿಗಿಯಾಗಿ ಹೆಣೆದು, ರಬ್ಬರ್ ಟೇಪು ಎಳೆದು ಎಳೆದು ಸುತ್ತಿ, ಮೇಲೆ ಇನ್ನೊಂದು ಟೇಪು. ಒಬ್ಬೊಬ್ಬರ ಜಾಯಿಂಟನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿ, ತುದಿ ಹೊರಗಿಟ್ಟು, ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಮೆಗ್ಗರ್ ಹಾಕಿದರೆ ಒಂಬತ್ತರಲ್ಲಿ ಮೂರು ನೀರು ಕುಡಿದಿದ್ದವು. ಅದರಲ್ಲಿ ಒಂದು ಇಪ್ಪತ್ತು ವರ್ಷದಿಂದ ಬೋರಿನ ಕೆಲಸ ಮಾಡುವವರದ್ದು. ಯಾರೂ ನಗಲಿಲ್ಲ. ಅವರು ಆ ಜಾಯಿಂಟ್ ಬಿಚ್ಚಿ, ಟೇಪು ಎಲ್ಲಿ ಸಡಿಲ ಬಿದ್ದಿದೆ ಅಂತ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ತಂಡ ಈಗ ಕಮಿಷನ್ ಕೇಳದೆ ಮೋಟಾರು ತರುತ್ತದೆ. ಉಳಿದ ಮೂರರಲ್ಲಿ ಎರಡು ಕೇಳುತ್ತವೆ, ನಾನು ಕೊಡುವುದಿಲ್ಲ, ಅವು ಬೇರೆ ಕಡೆ ಹೋಗುತ್ತವೆ. ಅದೂ ಇದೆ.

ಹಳ್ಳಿಯ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಆರೂವರೆಗೆ ಊರಿಗೆ ಊರೇ ಸಿಗುತ್ತದೆ. ಅಲ್ಲಿ ಹತ್ತು ನಿಮಿಷ ನಿಂತು, ಬಹಳ ದಿನ ನಿಂತ ಮೋಟಾರನ್ನ ವಾರಕ್ಕೊಂದು ಸಲ ಐದು ನಿಮಿಷ ಓಡಿಸಿ, ಇಲ್ಲಾಂದ್ರೆ ಜಾಮ್ ಆಗುತ್ತದೆ ಅಂತ ಹೇಳಿದರೆ ಸಾಕು. ಯಾರಿಗೂ ಏನೂ ಮಾರುವುದಿಲ್ಲ. ನವೆಂಬರ್‌ನಲ್ಲಿ, ಜೋಳದ ದುಡ್ಡು ಬಂದ ಮೇಲೆ ಅವರೇ ಫೋನ್ ಮಾಡುತ್ತಾರೆ. ಎಲ್ಲರೂ ಅಲ್ಲ. ಮಾಡುವಷ್ಟು ಜನ ಮಾಡುತ್ತಾರೆ.

ಮಾಯಕೊಂಡ ಕಡೆಯ ಆ ಯಜಮಾನರ ಹೊಲಕ್ಕೂ ಹೋಗಿ ಬಂದೆ. ಅವರ ಸ್ಟಾರ್ಟರಿನಲ್ಲಿ ಏನೂ ತೊಂದರೆ ಇರಲಿಲ್ಲ, ಸುಮ್ನೆ ಧೂಳು ಹೊಡೆದೆ. ಅವತ್ತಿನ ಪ್ರಶ್ನೆಗೆ ಉತ್ತರ ಹೇಳಿದೆ: ಅವತ್ತು ನಾನು ತಗೊಂಡದ್ದು ಸರಿಯಾದ ರೇಟು, ಕರಪತ್ರವೇ ತಪ್ಪು. ಅವರು ತಲೆ ಆಡಿಸಿದರು. ಒಪ್ಪಿದರಾ ಅಂತ ನಾನು ಕೇಳಲಿಲ್ಲ.

ಈ ಜನವರಿಯಲ್ಲಿ ಜಗಳೂರಿನ ಆ ಅಡಿಕೆ ತೋಟದ ದಾರಿಯಲ್ಲೇ ಇನ್ನೊಂದು ಕೆಲಸ ಇತ್ತು. ಬೈಕು ನಿಲ್ಲಿಸಿದೆ. ಅಜ್ಜ ಮನೆಯಲ್ಲಿರಲಿಲ್ಲ, ಮೊಮ್ಮಗ ಕಾಲೇಜಿಗೆ ಹೋಗಿದ್ದ. ಮೋಟಾರು ಓಡುತ್ತಿತ್ತು, ನೀರು ತೊಟ್ಟಿಗೆ ಬೀಳುತ್ತಿತ್ತು. ಸ್ಟಾರ್ಟರ್ ಡಬ್ಬಿಯ ಬಾಗಿಲು ಮೆಲ್ಲಗೆ ತೆರೆದೆ. ಒಳಗೆ ಇರುವೆ ಇರಲಿಲ್ಲ. ನಾನು ಬರೆದಿದ್ದ ಮಾರ್ಕರಿನ ಅಂಕಿ ಸ್ವಲ್ಪ ಮಾಸಿತ್ತು. ಅದರ ಕೆಳಗೆ, ಡಬ್ಬಿಯ ಮೀಟರು ನೋಡಿ, ಪೆನ್ಸಿಲಿನಲ್ಲಿ, ಸಾಲು ತಪ್ಪದ ಹಾಗೆ, ತಿಂಗಳಿಗೊಂದರಂತೆ ತಾರೀಕು ಮತ್ತು ಆಂಪ್ಸು ಬರೆದುಕೊಂಡು ಬಂದಿದ್ದರು. ಕೊನೆಯದ್ದು ಹಿಂದಿನ ಭಾನುವಾರದ್ದು.